ಕಾರ್ಲ್ಸ್‌ಬಾಡಿಗೆ ಹೋದ ಬಿಳಿ ಅಂಗಿ

ನಾನು ಮೈಮೇಲೆ ಎಚ್ಚರವಿಟ್ಟು ಮಾಡಿದ ಕೆಲಸವೇ ಎಡವಟ್ಟಾಗುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ಮಗಳ ಕಾಲೇಜು ಇಂಟರ್‌ವ್ಯೂ ವಿಷಯದಲ್ಲಂತೂ ನಾನು ಎರಡು ತಿಂಗಳು ಎಚ್ಚರವಾಗಿದ್ದೆ. ಹಾಗಾಗಿ ಆದದ್ದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ.

ಫೈಲು

2003ರ ಮಾತು. ನಾವಿದ್ದದ್ದು ಅಮೆರಿಕದ ಪಶ್ಚಿಮ ಕರಾವಳಿಯ ಟೊರೆನ್ಸ್‌ನಲ್ಲಿ. ಮಗಳು ಪೂರ್ವ ಕರಾವಳಿಯ ಒಂದು ಕಾಲೇಜಿಗೆ ಅಪ್ಲೈ ಮಾಡಿದ್ದಳು. ಅದು ಬಿಟ್ಟು ಬೇರೆ ಕಾಲೇಜಿನ ಹೆಸರೆತ್ತಿದರೆ ಊಟ ಬಿಟ್ಟು ಎದ್ದು ಹೋಗುತ್ತಿದ್ದಳು. ಅಲ್ಲಿ ಓದಿ ಬಂದ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮಿಂದ ಒಂದೂವರೆ ಗಂಟೆ ದಾರಿಯ ಕಾರ್ಲ್ಸ್‌ಬಾಡಿನ ಕಾಫಿ ಅಂಗಡಿಯಲ್ಲಿ ಇವಳನ್ನು ಮಾತಾಡಿಸಿ, ಹುಡುಗಿ ಹೇಗೆ ಅಂತ ಕಾಲೇಜಿಗೆ ಬರೆಯುವವರಿದ್ದರು. ಮಾರ್ಕ್ಸು ಎಲ್ಲರದ್ದೂ ಚೆನ್ನಾಗಿರುತ್ತದೆ. ಆ ಪತ್ರವೇ ಮುಖ್ಯ. ನನ್ನ ಮಗಳೋ, ಹೊಸಬರನ್ನು ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳುವವಳು.

ಬಾಗಲಕೋಟೆಯಲ್ಲಿ ನಾನು ಇಂಟರ್‌ವ್ಯೂಗೆ ಹೋಗುವಾಗ ಒರಿಜಿನಲ್ ಸರ್ಟಿಫಿಕೇಟು, ಅಟೆಸ್ಟ್ ಮಾಡಿಸಿದ ಮೂರು ಮೂರು ಜೆರಾಕ್ಸು ಒಯ್ದವನು. ಮಗಳಿಗೂ ಒಂದು ಫೈಲು ಕಟ್ಟಿದೆ. ಎರಡನೇ ಕ್ಲಾಸಿನ ಈಜಿನ ಸರ್ಟಿಫಿಕೇಟಿನಿಂದ ಹಿಡಿದು ಎಲ್ಲವನ್ನೂ ಲ್ಯಾಮಿನೇಟ್ ಮಾಡಿಸಿದೆ. ಇದು ಬರೀ ಮಾತುಕತೆ ಅಪ್ಪಾ, ಯಾರೂ ಪೇಪರ್ ಕೇಳುವುದಿಲ್ಲ ಅಂತ ಅವಳು ಇಂಗ್ಲಿಷಿನಲ್ಲಿ ಗೋಳಾಡಿದಳು. ಹಾಳೆ ತಿರುವುತ್ತಾ ಹೋದವಳು ಒಂದು ಕಡೆ ನಿಂತು, ಚುಚ್ಚುಮದ್ದಿನ ಕಾರ್ಡು ಯಾಕೆ ಇದರಲ್ಲಿ ಎಂದಳು.

"ಇರಲಿ," ಎಂದೆ. "ಕೇಳಿದರೆ?"

ರಿಹರ್ಸಲ್

ಎರಡು ಬೀದಿ ಆಚೆ ಮೈಸೂರಿನ ಅಂಕಲ್ ಇದ್ದರು. ದೊಡ್ಡ ಕಂಪನಿಯಲ್ಲಿ ಮ್ಯಾನೇಜರು, ನೂರಾರು ಜನರ ಇಂಟರ್‌ವ್ಯೂ ಮಾಡಿದವರು. ಭಾನುವಾರ ಅವರ ಮನೆಯಲ್ಲಿ ರಿಹರ್ಸಲ್ ಇಟ್ಟುಕೊಂಡೆವು. ಅಂಕಲ್ ಊಟದ ಮೇಜಿನ ಹಿಂದೆ ಕೋಟು ಹಾಕಿ, ಟೈ ಕಟ್ಟಿ ಗಂಭೀರವಾಗಿ ಕೂತಿದ್ದರು. ಮೇಜಿನ ಕೆಳಗೆ ಲುಂಗಿ.

ನಿನ್ನ ಬಗ್ಗೆ ಹೇಳು ಎಂದರು. ಮಗಳು ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟಿನ ಹಾಗೆ ಹೆಸರು, ಶಾಲೆ, ಮಾರ್ಕ್ಸು, ಬಹುಮಾನ ಎಲ್ಲ ಒಪ್ಪಿಸಿ ನಿಲ್ಲಿಸಿದಳು. ಅಂಕಲ್, "ಎಲ್ಲ ಸರಿಯಾಗಿದೆ ಮಗಳೇ. ಆದ್ರೆ ಇದರಲ್ಲಿ ನೀನೇ ಎಲ್ಲೂ ಕಾಣಿಸ್ತಿಲ್ಲವಲ್ಲ," ಎಂದರು. ಅವಳ ಕಣ್ಣು ತುಂಬಿತು. ಆ ಉತ್ತರ ಬರೆದುಕೊಟ್ಟವನು ನಾನು.

ಮುಂದಿನ ಪ್ರಶ್ನೆ, ಆ ಕಾಲೇಜೇ ಯಾಕೆ? ಹಿಂದಿನ ಕುರ್ಚಿಯಲ್ಲಿದ್ದ ನಾನು ತಡೆಯಲಾರದೆ ಉತ್ತರ ಕೊಟ್ಟೆ. ಅದರ ಮುಂದಿನದಕ್ಕೂ ಕೊಟ್ಟೆ. ಕೊನೆಗೆ ಅಂಕಲ್ ಪೆನ್ನು ಕೆಳಗಿಟ್ಟು ಮಗಳಿಗೆ ಒಂದೇ ಸಲಹೆ ಕೊಟ್ಟರು.

"ಕಾರ್ಲ್ಸ್‌ಬಾಡಲ್ಲಿ ಇವರನ್ನ ಕಾರಿಂದ ಇಳಿಸಬೇಡ."

ಮೂಲೆಯ ಕುಂಕುಮ

ಮೂರು ಸಲ ಮಾಲ್‌ಗೆ ಹೋಗಿ ತಾಯಿ ಮಗಳು ಬಿಳಿ ಅಂಗಿ, ಕಪ್ಪು ಪ್ಯಾಂಟು ತಂದಿದ್ದರು. ಇಂಟರ್‌ವ್ಯೂ ಇದ್ದ ಶನಿವಾರ ಬೆಳಿಗ್ಗೆ, ನಮ್ಮ ಜೊತೆಗೇ ಇರುವ ನನ್ನ ಅವ್ವ ಇಸ್ತ್ರಿ ಮಾಡಿಟ್ಟ ಅಂಗಿಯನ್ನು ಸುಮ್ಮನೆ ನೋಡಿ ಕೊಡುತ್ತೇನೆ ಅಂತ ಒಳಗೆ ಒಯ್ದಳು. ಹೊಸ ಬಟ್ಟೆಯ ಮೂಲೆಗೆ ಕುಂಕುಮ ಹಚ್ಚದೆ ಮೈಮೇಲೆ ಹಾಕುವುದು ಅವಳ ಎಂಬತ್ತು ವರ್ಷದಲ್ಲಿ ನಡೆದಿಲ್ಲ. ಆದರೆ ಕೆಳಗಿನ ಅಂಚು ಬಿಟ್ಟು ತೋಳಿನ ತುದಿಯ ಒಳಮೈಗೆ ಹಚ್ಚಿದ್ದಳು. ಯಾಕವ್ವಾ ಅಂತ ಆಮೇಲೆ ಕೇಳಿದಾಗ ಕಾರಣ ಹೇಳಿದಳು.

"ಕೆಳಗ ಹಚ್ಚಿದರ ಪ್ಯಾಂಟಿನೊಳಗ ಹೋಗತದ. ದೇವರಿಗೆ ಹ್ಯಾಂಗ ಕಾಣಬೇಕು?"

ದಾರಿಯಲ್ಲಿ ಮಗಳ ಅಂಗೈ, ಮಣಿಕಟ್ಟು ಬೆವರಲಾರಂಭಿಸಿತು. ಕಾರ್ಲ್ಸ್‌ಬಾಡ್ ಹತ್ತಿರವಾಗುವಷ್ಟರಲ್ಲಿ ತೋಳಿನ ಹೊರಗೆ ಕೆಂಪು ಚುಕ್ಕೆ ಕಂಡಿತು. ಕಾರು ನಿಲ್ಲಿಸಿ, ನಾನು ಬಾಟಲಿ ನೀರು ಹಾಕಿ ಉಜ್ಜಿದೆ. ಚುಕ್ಕೆ ಪೂರಿಯಷ್ಟಾಯಿತು. ಅವಳು ಅಳತೊಡಗಿದಳು. ಎಲ್ಲ ಮುಗಿಯಿತು, ವಾಪಸ್ ಹೋಗೋಣ ಎಂದಳು. ನನ್ನ ಕೋಟು ಹಾಕಿ ನೋಡಿದರೆ ಮೊಣಕಾಲಿಗೆ ಬಂತು. ಕೊನೆಗೆ ಅವಳೇ ಮೂಗು ಒರೆಸಿಕೊಂಡು ಹಿಂದಿನ ಸೀಟಿಗೆ ಕೈ ಚಾಚಿ, ಫೈಲು ತೆಗೆದುಕೊಂಡು ತೋಳಿಗೆ ಒತ್ತಿ ಹಿಡಿದುಕೊಂಡಳು.

ಏನೇ ಆಗಲಿ, ಫೈಲು ಇಂಟರ್‌ವ್ಯೂಗೆ ಹೋಯಿತು.

ಅರ್ಧ ಗಂಟೆಯ ಮಾತುಕತೆ

ಅಂಕಲ್ ಅಪ್ಪಣೆಯಂತೆ ನಾನು ಕಾರಿನಲ್ಲೇ ಕೂತೆ. ಅರ್ಧ ಗಂಟೆ ಅಂದಿದ್ದರು. ಒಂದು ಗಂಟೆ ಕಳೆಯಿತು. ಅಳುತ್ತಾ ಕೂತಿದ್ದಾಳೇನೋ ಅಂತ ಬಾಗಿಲಿನತನಕ ಎರಡು ಸಲ ಹೋಗಿ ಬಂದೆ. ಒಂದೂಕಾಲು ಗಂಟೆಯಾದ ಮೇಲೆ ನಗುತ್ತಾ ಹೊರಗೆ ಬಂದಳು.

ಒಳಗೆ ಕೂತಿದ್ದವರು ರಿಟೈರಾದ ಡಾಕ್ಟರಮ್ಮ. ಕಾಲಿಗೆ ಹವಾಯಿ ಚಪ್ಪಲಿ, ಮಾಸಿದ ಟೀ ಶರ್ಟು. ಇವಳು ಬಿಗಿಯಾಗಿ ಹಿಡಿದ ಫೈಲು ಕಂಡು, ಕೊಡು ನೋಡೋಣ ಎಂದರಂತೆ. ಕೊಡಲು ಕೈ ಎತ್ತಿದ್ದೇ ತಡ, ಡಾಕ್ಟರಮ್ಮ ಮಣಿಕಟ್ಟು ಹಿಡಿದು, ರಕ್ತ ಎಲ್ಲಿಂದ ಬರುತ್ತಿದೆ ಅಂತ ತೋಳು ಮಡಚಲು ಶುರುಮಾಡಿದರಂತೆ. ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಗಿ, ಮಗಳು ಅಜ್ಜಿಯ ಕಥೆ ಹೇಳಿದಳು. ಪ್ಯಾಂಟಿನೊಳಗೆ ಹಚ್ಚಿದರೆ ದೇವರಿಗೆ ಕಾಣುವುದಿಲ್ಲ ಅಂತಲೇ ಅಜ್ಜಿ ಇಲ್ಲಿ ಹಚ್ಚಿರಬೇಕು, ಹೋದ ದೀಪಾವಳಿಗೂ ಹಾಗೇ ಅಂದಿದ್ದಳು ಎಂದಾಗ ಡಾಕ್ಟರಮ್ಮ ನಕ್ಕು ನಕ್ಕು ತಮ್ಮ ಟೀ ಶರ್ಟಿನ ಮೇಲೇ ಕಾಫಿ ಚೆಲ್ಲಿಕೊಂಡರು. ಆಮೇಲೆ ಇಬ್ಬರೂ ಅಂಗಿ ಕಲೆಯಾದವರೇ. ಮಾತು ನಿಲ್ಲಲಿಲ್ಲ.

ಫೈಲು ನೋಡಿದರಾ ಅಂತ ಕೇಳಿದೆ. ಒಂದೇ ಒಂದು ಕಾಗದವನ್ನು ಪೂರ್ತಿ ಓದಿದರಂತೆ.

ಚುಚ್ಚುಮದ್ದಿನ ಕಾರ್ಡು. ಎಲ್ಲ ಸರಿಯಾಗಿ ಹಾಕಿಸಿದ್ದಾರೆ ಎಂದರಂತೆ.

ಒಳಗಾ, ಹೊರಗಾ?

ಏಪ್ರಿಲ್‌ನಲ್ಲಿ ದಪ್ಪ ಲಕೋಟೆ ಬಂತು. ಸೀಟು ಸಿಕ್ಕಿತ್ತು. ನಾನು ಗ್ಯಾರೇಜಿಗೆ ಹೋಗಿ ಒಬ್ಬನೇ ಅತ್ತೆ, ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಅವ್ವ ಮಾತ್ರ, ತನ್ನ ಕೆಲಸ ತಾನು ಮಾಡಿದ್ದಾಯಿತು ಅನ್ನುವ ಹಾಗೆ ಶೇಂಗಾ ಹುರಿಯುತ್ತಿದ್ದಳು.

ಮರುವರ್ಷದಿಂದ ಇಂಟರ್‌ವ್ಯೂ ಸೀಸನ್ನು ಬಂದರೆ ದೂರದ ಪೊಮೊನಾದ ಕನ್ನಡ ಮನೆಗಳಿಂದಲೂ ಹೊಸ ಅಂಗಿಗಳು ನಮ್ಮ ಮನೆಗೆ ಬರತೊಡಗಿದವು. ಮೈಸೂರಿನ ಅಂಕಲ್ ಕೂಡ ಮಗನ ಕೋಟು ತಂದು, "ಏನೂ ಹಚ್ಚೋದು ಬೇಡ ಅಮ್ಮಾ, ನೀವು ಒಂದ್ಸಲ ಮುಟ್ಟಿ ಕೊಡಿ ಸಾಕು," ಎಂದರು. ಅವ್ವ ಮುಟ್ಟಿದಳು, ಸಡಿಲವಾಗಿದ್ದ ಗುಂಡಿಯನ್ನೂ ಹೊಲಿದು ಕೊಟ್ಟಳು. ಅವನಿಗೂ ಸೀಟು ಸಿಕ್ಕಿತು.

2008ರಲ್ಲಿ ಮಗಳ ಮೊದಲ ಕೆಲಸದ ಇಂಟರ್‌ವ್ಯೂ. ಬೆಳಿಗ್ಗೆ ಕಾಲೇಜಿನ ಊರಿಂದಲೇ ಫೋನ್ ಮಾಡಿ ಅಜ್ಜಿಯನ್ನು ಕರೆ ಎಂದಳು. ಸ್ಪೀಕರ್ ಹಾಕಿದೆ. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅವತ್ತು ಕನ್ನಡದಲ್ಲಿ ಮಾತಾಡಿದಳು. ಹೊಸ ಅಂಗಿ ತಂದಿದ್ದಾಳಂತೆ, ಕುಂಕುಮವೂ ಹಚ್ಚಿ ಆಯಿತಂತೆ.

"ಶ್ಯಾಣ್ಯಾ ಅದೀ ನನ್ನವ್ವ. ತೋಳಿನ ಒಳಗ ಹಚ್ಚೀ ಹೌದಿಲ್ಲೋ?" ಎಂದಳು ಅವ್ವ.

"ಇಲ್ಲ ಅಜ್ಜಿ, ಹೊರಗೆ ಹಚ್ಚಿದೀನಿ. ದೊಡ್ಡದಾಗಿ. ಒಳಗೆ ಹಚ್ಚಿದ್ರೆ ದೇವರಿಗಷ್ಟೇ ಕಾಣುತ್ತೆ, ಇಂಟರ್‌ವ್ಯೂ ಮಾಡೋರಿಗೂ ಕಾಣಬೇಕಲ್ಲ."