ತಡಸದ ಡ್ರೈವರಣ್ಣನ ಗ್ರಾಫಿಕ್ಸ್ ಕಾರ್ಡು

ಸವಣೂರಿನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನಿಗೆ ನಗುವಿಗೆ ಬರವಿಲ್ಲ. ಮೌಸ್ ಸತ್ತಿದೆ ಎಂದು ಕೀಬೋರ್ಡ್ ಹೊತ್ತು ತರುವವರು ಒಬ್ಬರಲ್ಲ ಒಬ್ಬರು ಬರುತ್ತಲೇ ಇರುತ್ತಾರೆ. ಆದರೆ ನಾನು ಹೆಚ್ಚು ನಕ್ಕದ್ದು ತಡಸದ ಲಾರಿ ಡ್ರೈವರಣ್ಣನ ಜೊತೆ. ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಆ ನಗುವಿನ ನಾಲ್ಕು ಪ್ರಸಂಗ ಇಲ್ಲಿವೆ.

೧. ಮಳೆಯ ಪರೀಕ್ಷೆ

ಸಕ್ಕರೆ ಕಾಯಿಲೆಯಿಂದ ಅವರ ಎಡಗಾಲನ್ನು ಮೊಣಕಾಲ ಕೆಳಗೆ ತೆಗೆದಿದ್ದರು. ಲಾರಿ ಮಾರಿ ಮನೆಯಲ್ಲಿ ಕೂತರು. ಅಳಿಯ ಹಳೆಯ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟ ಹಾಕಿಕೊಟ್ಟ ಮೇಲೆ ಮುಖಕ್ಕೆ ಸ್ವಲ್ಪ ಕಳೆ ಬಂತು. ಆದರೆ ಚಿತ್ರ ನಿಂತು ನಿಂತು ಓಡುತ್ತಿತ್ತು. ಹುಬ್ಬಳ್ಳಿಯಲ್ಲಿ ಯಾರೋ ಆಟದ ಹುಚ್ಚಿನವರು ಬಳಸಿ ಬಿಟ್ಟಿದ್ದ, ಇಟ್ಟಿಗೆಯಷ್ಟು ದಪ್ಪದ, ಮೂರು ಫ್ಯಾನಿನ ದೊಡ್ಡ ಗ್ರಾಫಿಕ್ಸ್ ಕಾರ್ಡನ್ನು, ಅಂದರೆ ಪರದೆಯ ಚಿತ್ರ ಬಿಡಿಸುವ ಭಾಗವನ್ನು, ಹಿಡಿಸದಿದ್ದರೆ ಮರುದಿನ ವಾಪಸು ಕೊಡುವ ಮಾತಿನ ಮೇಲೆ ಅಣ್ಣಾರು ತಂದು ನನ್ನ ಮೇಜಿನ ಮೇಲಿಟ್ಟರು.

"ತಮ್ಮಾ, ನನಗ ರಸ್ತಿ ತಿರುಗಿ ಬೇಕಾಗೇತಿ. ಇದರಾಗ ಸಿಗತೈತೇನು ನೋಡು" ಎಂದರು.

ನಾನು ಕಾರ್ಡನ್ನು ಒಂದು ತಾಸು ಪೂರ್ತಿ ದುಡಿಸಿದೆ. ಎಷ್ಟು ಬಿಸಿಯಾಯಿತು, ಸೆಕೆಂಡಿಗೆ ಎಷ್ಟು ಚಿತ್ರ ಬಿಡಿಸಿತು ಎಂದು ಅಂಕಿ ಸಮೇತ ಒಪ್ಪಿಸಿದೆ. ಅವರು ಕೇಳಿಸಿಕೊಳ್ಳಲೇ ಇಲ್ಲ, ಆಟದಲ್ಲಿ ಮಳೆ ಬರಿಸು ಎಂದರು. ತೊಯ್ದ ಡಾಂಬರಿನ ಮೇಲೆ ಮುಂದಿನ ಗಾಡಿಯ ಕೆಂಪು ದೀಪ ಹರಡಬೇಕು, ವೈಪರ್ ಒರೆಸಿದಲ್ಲಿ ಮತ್ತೆ ಹನಿ ಕೂರಬೇಕು. ಅವರ ಪರೀಕ್ಷೆ ಅಷ್ಟೇ. ಕಂಪ್ಯೂಟರಿಗೆ ಜೋಡಿಸಿದ ಆಟದ ಸ್ಟೇರಿಂಗ್ ಹಿಡಿದು ಇಪ್ಪತ್ತು ನಿಮಿಷ ಓಡಿಸಿದರು. ಘಟ್ಟ ಇಳಿಯುವಾಗ ಹೆಗಲ ಮೇಲಿನ ಟವೆಲ್ ತೆಗೆದು ಪರದೆಯನ್ನು ಉಜ್ಜತೊಡಗಿದರು. ಮಳಿ ಒಳಗೈತ್ರಿ ಅಣ್ಣಾರ ಎಂದೆ. ಹೌದಲ್ಲ ಎಂದು ಅದೇ ಟವೆಲನ್ನು ಕಣ್ಣಿಗೆ ಒತ್ತಿಕೊಂಡು, ಕಾರ್ಡು ಪಾಸ್ ಎಂದರು.

೨. ಗಾಡಿ ಪೂಜೆ

ಪೂಜೆಯಾಗದ ಗಾಡಿಯನ್ನು ಅವರು ಎಂದೂ ರಸ್ತೆಗೆ ಇಳಿಸಿದವರಲ್ಲ. ಕಾರ್ಡು ಕೂರಿಸಲು ಮನೆಗೆ ಹೋದರೆ ಅಕ್ಕ, ಅಂದರೆ ಅವರ ಹೆಂಡತಿ, ತೆಂಗಿನಕಾಯಿ, ಕುಂಕುಮ, ನಾಲ್ಕು ನಿಂಬೆಹಣ್ಣು ಹಿಡಿದು ನಿಂತಿದ್ದರು. ಕುಂಕುಮ ಬ್ಯಾಡ್ರಿ ಎಂದು ನಾನು ಹೇಳಿ ಮುಗಿಸುವುದರೊಳಗೆ ಮೂರೂ ಫ್ಯಾನಿಗೆ ಹಚ್ಚಿಯಾಗಿತ್ತು. ಕೂರಿಸಿ ಸ್ವಿಚ್ ಹಾಕಿದೊಡನೆ ಫ್ಯಾನು ತಿರುಗಿ ಅದೆಲ್ಲ ನನ್ನ ಬಿಳಿ ಅಂಗಿಗೆ ಬಂತು. ಕಾರ್ಡು ಬಿಚ್ಚಿ ಕುಂಚದಿಂದ ತಿಕ್ಕುತ್ತ ಕೂತೆ.

ಇನ್ನು ನಿಂಬೆಹಣ್ಣು. ಕಂಪ್ಯೂಟರಿಗೆ ಗಾಲಿ ಇಲ್ಲ. ಅಣ್ಣಾರು ಸುತ್ತಲೂ ನೋಡಿ, ತಾವು ಕೂರುವ ಕುರ್ಚಿಗೆ ಗಾಲಿ ಇರುವುದನ್ನು ಕಂಡುಹಿಡಿದರು. ಒಂದೊಂದರ ಕೆಳಗೆ ಒಂದೊಂದು ಹಣ್ಣಿಟ್ಟರೆ ಹಣ್ಣು ನಾಲ್ಕು, ಗಾಲಿ ಐದು. ಅಕ್ಕ ಗಾಬರಿಯಾಗಿ ಇನ್ನೊಂದು ತರಲು ಹೊರಟರು. ಅಣ್ಣಾರು ಕರೆದು ನಿಲ್ಲಿಸಿದರು. ಐದನೆಯದು ಸ್ಟೆಪ್ನಿ, ಅದಕ್ಕೆ ನಿಂಬೆಹಣ್ಣು ಬೇಕಿಲ್ಲವಂತೆ.

೩. ಕಾರ್ಡು ಕಣ್ಣು ಮುಚ್ಚಿತು

ತಿಂಗಳ ಮೇಲೆ ಅಣ್ಣಾರ ಫೋನು ಬಂತು. ಪರದೆ ಆಗಾಗ ಕಪ್ಪಾಗುತ್ತಿದೆ, ಕಾರ್ಡು ಕೆಟ್ಟಿದೆ. ಅದನ್ನು ಪಾಸು ಮಾಡಿಸಿದವನು ನಾನೇ ಅಲ್ಲವೇ. ಅಂಗಡಿ ಮುಚ್ಚಿ ತಡಸಕ್ಕೆ ಓಡಿದೆ. ವೈರು ನೋಡಿದೆ, ಬಿಸಿ ನೋಡಿದೆ, ಎಲ್ಲ ಸರಿಯಾಗಿತ್ತು. ಆಮೇಲೆ ಪರದೆಯ ಮೂಲೆಯಲ್ಲಿದ್ದ ಇಂಗ್ಲಿಷ್ ಸಾಲು ಕಣ್ಣಿಗೆ ಬಿತ್ತು. ಅಣ್ಣಾರು ಆಟದಲ್ಲಿ ಎಲ್ಲೂ ನಿಲ್ಲದೆ ಗಾಡಿ ಹೊಡೆದಿದ್ದರು. ಡ್ರೈವರಿಗೆ ದಣಿವಾಗಿದೆ, ನಿಲ್ಲಿಸಿ ಮಲಗಲಿ ಎಂದು ಆಟವೇ ತೂಕಡಿಸುವ ಕಣ್ಣಿನಂತೆ ಪರದೆ ಕಪ್ಪು ಮಾಡಿ ತೋರಿಸುತ್ತಿತ್ತು.

ಹೇಳಿದೆ. ಬಿದ್ದು ಬಿದ್ದು ನಕ್ಕರು. ನಗು ನಿಂತ ಮೇಲೆ ಹೇಳಿದರು: "ಮೂವತ್ತು ವರ್ಷದಾಗ ಯಾವ ಮಾಲಕನೂ ನನಗ ಮಲ್ಕೋ ಅಂದಿಲ್ಲ ತಮ್ಮಾ. ಈ ಕಾರ್ಡು ಅಂತು."

೪. ಅರ್ಧ ದಾರಿಯ ಲೋಡು

ಅವರು ಹೋದ ಮೇಲೆ ಅಕ್ಕ ಫೋನು ಮಾಡಿ, ಕಾರ್ಡು ಯಾರಿಗಾದರೂ ಕೊಡಿಸು, ಅದನ್ನು ನೋಡಿದರೆ ಸಂಕಟವಾಗುತ್ತದೆ ಎಂದರು. ಹಿರೇಕೆರೂರಿನ ಒಬ್ಬ ಗಿರಾಕಿ ತಯಾರಿದ್ದ. ತಡಸಕ್ಕೆ ಹೋಗಿ, ಬಿಚ್ಚುವ ಮೊದಲು ಕಾರ್ಡಿನ ಸ್ಥಿತಿ ನೋಡೋಣವೆಂದು ಆಟ ತೆರೆದೆ. ಕೊನೆಯ ಸಲ ಅವರು ನಿಲ್ಲಿಸಿದಲ್ಲೇ, ರಸ್ತೆಯ ಬದಿಗೆ, ಲಾರಿ ನಿಂತಿತ್ತು.

ಇದು ಯಾಕೆ ನಿಂತಿದೆ ಎಂದು ಅಕ್ಕ ಕೇಳಿದರು. ಲೋಡು ಇದೆ, ಔಷಧದ್ದು, ಇನ್ನೂ ಅರ್ಧ ದಾರಿ ಹೋಗಬೇಕಿತ್ತು ಎಂದೆ.

"ಔಷಧ ಅಂತೀ. ಯಾರೋ ದಾರಿ ಕಾಯಾಕತ್ತಿರ್ತಾರ. ಮುಟ್ಟಿಸಿ ಆಮ್ಯಾಲ ಬಿಚ್ಚು."

ಸ್ಕೂಟರ್ ಬಿಟ್ಟು ಬೇರೇನೂ ಓಡಿಸದ ನಾನು ಕೂತೆ. ಗಂಡನ ಲಾರಿಯಲ್ಲಿ ಒಂದು ಸಲವೂ ಕೂರದ ಅಕ್ಕ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡರು. ಎರಡು ಕಂಬಕ್ಕೆ ಗುದ್ದಿದೆ. ಅಕ್ಕ ಸೆರಗು ಬಾಯಿಗಿಟ್ಟು ಕೂತಿದ್ದರು, ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ. ಗೋದಾಮಿಗೆ ಗಾಡಿ ಹಿಂದಕ್ಕೆ ತೆಗೆದುಕೊಳ್ಳುವಾಗ ಅವರೇ ಎದ್ದು ನಿಂತು, ಲಾರಿ ಕ್ಲೀನರಿನ ಹಾಗೆ ಕೈಯಿಂದ ಮೇಜು ತಟ್ಟುತ್ತ, ಬರ್ಲಿ, ಬರ್ಲಿ, ಎಡಕ್ಕ ಮುರಿ, ಹೋಲ್ಡ್ ಎಂದು ಗಾಡಿ ನಿಲ್ಲಿಸಿದರು.

ಲೋಡು ಮುಟ್ಟಿತು. ನಾನು ಸ್ಕ್ರೂಡ್ರೈವರ್ ತೆಗೆದೆ. ಅಕ್ಕ ನನ್ನ ಕೈ ಹಿಡಿದರು.

"ಖಾಲಿ ಗಾಡಿ ತಿರುಗಿ ತಂದ ಮನಷ್ಯಾ ಅಲ್ಲ ಅವರು. ಅಲ್ಲಿಂದ ಈ ಕಡೆ ಬರೋ ಲೋಡ್ ಏನೈತಿ ನೋಡು."

ಮೊನ್ನೆ ಹಿರೇಕೆರೂರಿನ ಗಿರಾಕಿ ಮತ್ತೆ ಫೋನು ಮಾಡಿದ್ದ, ಕಾರ್ಡು ಏನಾಯಿತು ಎಂದು. ಗಾಡಿ ಇನ್ನೂ ದಾರಿಯಲ್ಲಿದೆ ಎಂದೆ.