ಬಾತ್‌ರೂಮಿನಲ್ಲಿ ಅಣಬೆಗಳಿವೆ, ಮೆಲ್ಲಗೆ ಮಾತಾಡಿ

ಯಜಮಾನಿ: ಕೊನೇ ಸಲ ಕೇಳ್ತಿದೀನಿ, ಬಾತ್‌ರೂಮು ಬಿಟ್ಟುಕೊಡ್ತೀರೋ ಇಲ್ವೋ?

ಯಜಮಾನರು: (ಬಾಗಿಲ ಸಂದಿಯಿಂದ ಬೆರಳು ಮಾತ್ರ ಹೊರಗೆ ಚಾಚಿ) ಶ್!

ಯಜಮಾನಿ: ನನಗೆ ಶ್ ಅನ್ನಬೇಡಿ. ತಿಂಗಳಾಗ್ತಾ ಬಂತು, ಟವೆಲ್ ಹೊತ್ಕೊಂಡು ಮೇಲಿನ ಮನೆಗೆ ಸ್ನಾನಕ್ಕೆ ಹೋಗ್ತಿದೀನಿ. ನಿನ್ನೆ ಆಯಮ್ಮ ಸೋಪು ಬಚ್ಚಿಟ್ಟಿದ್ಲು.

ಯಜಮಾನರು: ಮೆಲ್ಲಗೆ ಕಣೇ. ಒಳಗೆ ಅವು ಈಗಷ್ಟೇ ಮನಸ್ಸು ಮಾಡ್ತಿವೆ.

ಯಜಮಾನಿ: ಏನು ಮನಸ್ಸು?

ಯಜಮಾನರು: ಮೊಳೆಯೋ ಮನಸ್ಸು.

ಯಜಮಾನರು ಗ್ರಂಥಾಲಯ ಕಾದು ನಿವೃತ್ತರಾದವರು. ಅಲ್ಲಿ ಜೀವಮಾನವಿಡೀ ಅವರು ಆಡಿದ ಮಾತು ಅದೊಂದೇ: ಶ್! ಯಜಮಾನಿ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿ ನಿವೃತ್ತರಾದವರು. ಮೈಕು ಕೆಟ್ಟ ದಿನವೂ ಅವರ ಕೂಗು ಕೇಳದೆ ಯಾರೂ ಬಸ್ಸು ತಪ್ಪಿಸಿಕೊಂಡಿರಲಿಲ್ಲ. ಇಂಥ ಇಬ್ಬರಿಗೆ ಗಂಟು ಹಾಕಿದವರು ಯಾರೋ, ಅವರಂತೂ ಈ ಕಡೆ ತಲೆ ಹಾಕಿಲ್ಲ. ಸಿಂಪಿ ಅಣಬೆಗೆ ತೇವ ಬೇಕು, ಶುಚಿ ಬೇಕು ಎಂದು ಬೀಜ ಮಾರಿದವನು ಹೇಳಿದ್ದ. ನಿಶ್ಶಬ್ದವೂ ಬೇಕು ಎಂದು ಯಜಮಾನರು ತಾವೇ ಸೇರಿಸಿಕೊಂಡರು. ಕಿಟಕಿಗೆ ಕಂಬಳಿ ಬಡಿದರು. ಬಾಗಿಲಿಗೆ ಗ್ರಂಥಾಲಯದಿಂದ ನೆನಪಿಗೆಂದು ತಂದ ‘ನಿಶ್ಶಬ್ದ’ ಬೋರ್ಡು ತೂಗುಹಾಕಿದರು. ಒಣಹುಲ್ಲು ತುಂಬಿದ ಚೀಲಗಳನ್ನು ಸಾಲಾಗಿ ನೇತುಹಾಕಿ, ಎದುರಿಗೆ ಸ್ಟೂಲು ಹಾಕಿಕೊಂಡು ಕೂತುಬಿಟ್ಟರು.

ಯಜಮಾನಿ: ನನ್ನ ದೊಡ್ಡ ಪಾತ್ರೇಲಿ ಹುಲ್ಲು ಬೇಯಿಸಿದ್ರಿ, ಸುಮ್ಮನಿದ್ದೆ. ಫೋನು ಬಂದ್ರೆ ಬೀದಿಗೆ ಹೋಗಿ ಮಾತಾಡು ಅಂದ್ರಿ, ಹೋದೆ. ಸೀನು ಬಂದ್ರೆ ದಿಂಬು ಕಚ್ಕೋ ಅಂದ್ರಿ...

ಯಜಮಾನರು: ಕಚ್ಕೊಂಡ್ಯಾ? ಮೊನ್ನೆ ನೀನು ಸೀನಿದ್ದಕ್ಕೆ ಮೂರನೇ ಚೀಲ ಬೆಚ್ಚಿಬಿತ್ತು. ಪಾಪ, ಇನ್ನೂ ಚೇತರಿಸಿಕೊಂಡಿಲ್ಲ.

ಯಜಮಾನಿ: ಚೀಲ ಬೆಚ್ಚಿಬೀಳುತ್ತಾ?

ಯಜಮಾನರು: ಕಣ್ಣಾರೆ ನೋಡಿದೀನಿ.

ಯಜಮಾನಿ: ಆ ಕತ್ತಲೇಲಿ?

ಯಜಮಾನರು: ...ಸಂಜೆ ನಿಮ್ಮಣ್ಣ ಊಟಕ್ಕೆ ಬರ್ತಿದಾರೆ. ನೆನಪಿದೆ ತಾನೇ?

ಯಜಮಾನರ ನಿದ್ದೆಗೆಡಿಸಿದ್ದು ಈ ಅಣ್ಣನೇ. ಹಿಂದೆ ಯಜಮಾನರು ಜೇನು ಸಾಕಿದಾಗ ಹುಳುಗಳೆಲ್ಲ ಪಕ್ಕದ ಮನೆ ಸೇರಿದವು. ದ್ರಾಕ್ಷಿ ಹಾಕಿದಾಗ ಬರೀ ಎಲೆ ಬಿಟ್ಟಿತು. ಎರಡು ಸಲವೂ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ರೋಷದಲ್ಲಿ ಯಜಮಾನರು ಈ ಸಲ ಪಂಥ ಕಟ್ಟಿದ್ದರು: ನಾನೇ ಬೆಳೆದ ಅಣಬೆ ಬಡಿಸುತ್ತೇನೆ, ಇಲ್ಲವಾದರೆ ನಿಮ್ಮ ಕಿಡ್ನಿ ಕಲ್ಲಿನ ಆಪರೇಷನ್ ಕಥೆಯನ್ನು ಪೂರ್ತಿ, ಎದ್ದು ಹೋಗದೆ, ಕೇಳುತ್ತೇನೆ. ಆ ಕಥೆಯ ಕೊನೆ ಕಂಡವರು ಇನ್ನೂ ಯಾರೂ ಇಲ್ಲ. ಕಲ್ಲು ತೆಗೆದ ಡಾಕ್ಟರೇ ನಡುವೆ ಎದ್ದು ಹೋಗಿದ್ದರಂತೆ.

ಯಜಮಾನಿ: ಹಾಗಾದ್ರೆ ಒಂದೂ ಬಂದಿಲ್ವಾ?

ಯಜಮಾನರು: ಚೀಲದ ತುಂಬ ಬಿಳಿ ಹತ್ತಿ ಥರ ಹಬ್ಬಿದೆ, ಅಷ್ಟೇ. ಒಂದೂ ತಲೆ ಎತ್ತಿಲ್ಲ ಕಣೇ.

ಅವರಿಗೆ ನಿಜಕ್ಕೂ ಅಳು ಬಂದಿತ್ತು.

ಯಜಮಾನಿ: ನನ್ನ ಚೀಲದಲ್ಲಿ ಗೊಂಚಲು ಗೊಂಚಲು ಬಂತಲ್ರೀ!

ಯಜಮಾನರು: ನಿನ್ನ ಚೀಲವಾ? ಯಾವುದೇ ಅದು?

ಯಜಮಾನಿ: ಬಾಗಿಲ ಪಕ್ಕದ ಕೊಕ್ಕೆ ನನ್ನ ಟವೆಲ್ಲಿಂದು. ಅಲ್ಲಿದ್ದ ಚೀಲಾನ ಅವತ್ತೇ ತಂದು ಅಡುಗೆಮನೆ ಕಿಟಕಿಗೆ ಹಾಕಿದ್ದೆ. ನಿಮ್ಮ ಮೇಲಿನ ಸಿಟ್ಟನ್ನೆಲ್ಲ ದಿನಾ ಅದರ ಮುಂದೆ ಕಾರ್ಕೊಳ್ತಿದ್ದೆ. ಬಾಯಿಗೆ ಬಂದ ಹಾಗೆ ಬೈದೆ. ಅದಕ್ಕೇ ಬಂತೋ ಏನೋ!

ಯಜಮಾನರು ಎದ್ದುಬಿದ್ದು ಅಡುಗೆಮನೆಗೆ ಓಡಿದರು. ತೆರೆದ ಕಿಟಕಿಯಲ್ಲಿ ಗಾಳಿಗೆ ಚೀಲ ತೂಗುತ್ತಿತ್ತು. ಅದರ ಮೈಮೇಲೆ ಕೊಯ್ದ ಗುರುತು ಮಾತ್ರ ಇತ್ತು.

ಯಜಮಾನರು: ಅಣಬೆ ಎಲ್ಲೇ?

ಯಜಮಾನಿ: ನಿಮ್ಮ ಹೊಟ್ಟೇಲಿ.

ಯಜಮಾನರು: ಆಂ?

ಯಜಮಾನಿ: ಮಧ್ಯಾಹ್ನ ಬದನೇಕಾಯಿ ಏನು ರುಚಿ ಅಂತ ತಟ್ಟೆ ಬಳಿದು ತಿಂದ್ರಲ್ಲ, ಅದೇ. ಬೆಣ್ಣೆ, ಬೆಳ್ಳುಳ್ಳಿ ಹಾಕಿ ಹುರಿದಿದ್ದೆ.

ಯಜಮಾನರು: ಒಂದು ಮಾತು ಹೇಳಬಾರದಿತ್ತೇನೇ!

ಯಜಮಾನಿ: ಅಂಚು ಸುರುಟಿಕೊಳ್ತಿತ್ತು, ಸಂಜೆವರೆಗೆ ಬಾಳಲ್ಲ ಅನ್ನಿಸ್ತು. ಫ್ರಿಜ್ಜಿನ ತುಂಬ ನಿಮ್ಮ ಬೀಜದ ಪೊಟ್ಟಣ. ಏನು ಮಾಡಲಿ ಅಂತ ಕೇಳೋಕೆ ಬಂದೆ, ಬೆರಳು ಹೊರಗೆ ಬಂತು, ಶ್! ಊಟಕ್ಕೆ ಕೂತಾಗ ಹೇಳೋಕೆ ಹೋದೆ. ಬಾಯಲ್ಲಿ ತುತ್ತಿತ್ತು, ಆದ್ರೂ ಶ್ ಅಂದ್ರಿ.

ಅಷ್ಟರಲ್ಲಿ ಕರೆಗಂಟೆ ಮೊಳಗಿತು. ಯಜಮಾನಿ ಹೋಗಿ ಅಣ್ಣನಿಗೆ ಬಾಗಿಲು ತೆರೆದರು.

ಭಾವ: ಎಲ್ರೀ ನಿಮ್ಮ ಅಣಬೆ?

ಯಜಮಾನರು: ಬೆಳೆದಿತ್ತು. ನಾನೇ ತಿಂದುಬಿಟ್ಟೆ.

ಯಜಮಾನಿ: ನಾನೇ ಸಾಕ್ಷಿ ಅಣ್ಣಾ. ಬದನೇಕಾಯಿ ಅಂದ್ಕೊಂಡು ಎರಡು ಸಲ ಹಾಕಿಸ್ಕೊಂಡ್ರು.

ಭಾವ: ತಿಂದವರೇ ಬದನೇಕಾಯಿ ಅಂದ ಮೇಲೆ ಅದು ಬದನೇಕಾಯೇ! ಕೂತ್ಕೊಳ್ಳಿ. ಅವತ್ತು ಬೆಳಗ್ಗೆ ಎದ್ದೆ ನೋಡಿ, ಎಡಗಡೆ ಸೊಂಟದಲ್ಲಿ ಚುಳ್ ಅಂತು...

ಯಜಮಾನರು ದಿಕ್ಕು ತೋಚದೆ ಅಡುಗೆಮನೆ ಕಡೆ ನೋಡಿದರು. ಬೈಸಿಕೊಂಡೇ ಫಲ ಕೊಟ್ಟ ಚೀಲ ಕಣ್ಣಿಗೆ ಬಿತ್ತು. ತಕ್ಷಣ ಅವರ ಮುಖ ಅರಳಿತು.

ಯಜಮಾನರು: ಇಲ್ಲಿ ಬೇಡ, ಒಳಗೆ ಬನ್ನಿ ಭಾವ. ಸ್ಟೂಲಿದೆ. ನಾನು ಬಾಗಿಲಲ್ಲೇ ಕೂತು ಕೇಳ್ತೀನಿ.

ಭಾವ: ಇದು ಬಾತ್‌ರೂಮಲ್ವೇನ್ರೀ?

ಯಜಮಾನರು: ಹೌದು. ಆದ್ರೆ ಇಲ್ಲಿ ಕೇಳೋರು ಜಾಸ್ತಿ. ಯಾರೂ ಅರ್ಧಕ್ಕೆ ಎದ್ದು ಹೋಗಲ್ಲ.

ಸಾಲಾಗಿ ತೂಗುತ್ತಿದ್ದ ಚೀಲಗಳನ್ನು ಭಾವ ಒಂದೊಂದಾಗಿ ನೋಡಿದರು. ಇಷ್ಟು ಗಮನವಿಟ್ಟು ಅವರ ಮಾತನ್ನು ಯಾರೂ ಎಂದೂ ಕೇಳಿರಲಿಲ್ಲ. ಅವರು ಸ್ಟೂಲು ಎಳೆದುಕೊಂಡು ಕೂತರು. ಯಜಮಾನರು ‘ನಿಶ್ಶಬ್ದ’ ಬೋರ್ಡನ್ನು ತೆಗೆದು ಕಂಕುಳಲ್ಲಿ ಇಟ್ಟುಕೊಂಡರು. ಒಳಗೆ ಕಥೆ ಶುರುವಾಯಿತು. ಸ್ಕ್ಯಾನಿಂಗ್ ಮುಗಿಯಿತು, ಆಸ್ಪತ್ರೆಗೆ ಸೇರಿದ್ದಾಯಿತು, ಡಾಕ್ಟರು ಎದ್ದು ಹೋದ ಜಾಗವೂ ದಾಟಿತು. ಯಜಮಾನಿ ಟವೆಲ್ ಹೆಗಲಿಗೆ ಹಾಕಿಕೊಂಡು ಮೇಲಿನ ಮನೆಗೆ ಹೊರಟವರು, ಬಸ್ ನಿಲ್ದಾಣದ ಹಳೇ ದನಿ ತೆಗೆದು ಕೂಗಿದರು.

ಯಜಮಾನಿ: ಅಣ್ಣಾ, ಗಟ್ಟಿಯಾಗಿ ಹೇಳು! ಹಿಂದಿನ ಸಾಲಿಗೆ ಕೇಳಿಸ್ತಿಲ್ಲ!

ಬಾಗಿಲ ಸಂದಿಯಿಂದ ಭಾವನ ಬೆರಳು ಹೊರಗೆ ಬಂತು.

ಭಾವ: ಶ್! ಮೂರನೇ ಚೀಲ ಅಳ್ತಿದೆ.