ಮೋಟಾರಿಗೆ ಸೆಕೆಯಾಗುತ್ತದೆ

ಬೆಳಕು ಹರಿಯುವ ಮುನ್ನವೇ ಅವಳು ಹಾಲು ಕಾಯಿಸಿ, ಅತ್ತೆಯ ಮಾತ್ರೆಗೆ ಬಿಸಿನೀರಿಟ್ಟು, ರಾತ್ರಿಯ ಪಾತ್ರೆ ತೊಳೆದು, ಬಟ್ಟೆಯನ್ನು ಮೆಷಿನ್ನಿಗೆ ತುಂಬಿ, ಗಂಡನ ಅಂಗಿಯ ಕಾಲರನ್ನು ಮಾತ್ರ ಕೈಯಲ್ಲೇ ತಿಕ್ಕಿ (ಮೆಷಿನ್ ಮುಟ್ಟಿದರೆ ಆ ಕಾಲರಿಗೆ ಅವಮಾನವಂತೆ), ಮೊಟ್ಟೆ ಒಡೆದು, ಬೆಣ್ಣೆ ಸಕ್ಕರೆ ಕಡೆದು, ಮೂರು ಅಂತಸ್ತಿನ ಕೇಕಿಗೆ ಬೇಕಾದ ಮೂರನ್ನೂ ಬೇಯಿಸಿ ಆರಲಿಟ್ಟು, ತೋಳಿನಿಂದ ಕತ್ತಿನ ಬೆವರು ಒರೆಸಿಕೊಂಡಳು.

ಗಂಡನೂ ಬೇಗ ಎದ್ದಿದ್ದ. ಪಾಪ, ಅವನಿಗೆ ಕೆಲಸವಿತ್ತು!

ನಡುಮನೆಯ ಫ್ಯಾನಿನ ಕೆಳಗೆ, ಊಟದ ಮೇಜಿನ ತುಂಬ ತಂತಿ, ಸ್ಕ್ರೂ, ಅಂಟು ಹರಡಿಕೊಂಡು, ತನ್ನ ರಿಮೋಟ್ ಕಾರನ್ನು ಹೊಟ್ಟೆ ಮೇಲೆ ಮಾಡಿ ಮಲಗಿಸಿದ್ದ. ವಾರವಿಡೀ ಬ್ಯಾಂಕಿನ ಕೌಂಟರಿನಲ್ಲಿ ಕೂತು ಜನರಿಗೆ 'ನಾಳೆ ಬನ್ನಿ' ಎನ್ನುವ ಈ ವೀರ, ಭಾನುವಾರ ಬಂತೆಂದರೆ ಗೋಡೌನಿನ ಹಿಂದಿನ ಬಯಲಿನಲ್ಲಿ ಇಂಥದೇ ಕಾರುಗಳ ರೇಸಿಗೆ ಇಳಿಯುತ್ತಿದ್ದ. ಕಳೆದ ಭಾನುವಾರ ಗೆಲುವು ಕೈಗೆ ಬಂದಿತ್ತು. ಅಷ್ಟರಲ್ಲಿ ಮೋಟಾರು ಕಾದು ಕಾರು ನಿಂತೇಬಿಟ್ಟಿತು. ಅವನದೇ ಬ್ಯಾಂಕಿನ ಕ್ಯಾಷಿಯರ್ ಮೀಸೆ ತಿರುವುತ್ತ ಮುಂದೆ ಹೋದ. ಅಂದಿನಿಂದ ಗಂಡನಿಗೆ ಅನ್ನ ಸೇರಿರಲಿಲ್ಲ. ಎರಡನೇ ಸಲ ಬಡಿಸಿಕೊಂಡ ಮೇಲಂತೂ ಸೇರುತ್ತಲೇ ಇರಲಿಲ್ಲ.

"ನೋಡ್ತಾ ಇರು, ಇನ್ಮೇಲೆ ಈ ಮನೇಲಿ ಯಾವ ಜೀವನೂ ಸೆಕೆಯಿಂದ ನರಳಬಾರದು! ಪಣ ತೊಟ್ಟಿದೀನಿ!" ಎಂದು ಅವನು ಮೇಜು ಗುದ್ದಿದ.

ಅಡುಗೆಮನೆಯಲ್ಲಿ ಅವಳ ಕೈಯ ಸೌಟು ನಿಂತಿತು. ಆ ಅಡುಗೆಮನೆಗೆ ಒಂದು ಫ್ಯಾನ್ ಹಾಕಿಸಿ ಎಂದು ಮದುವೆಯಾದ ವರ್ಷದಿಂದ ಕೇಳುತ್ತಿದ್ದಳು. ಅಂತೂ ಕಿವಿಗೆ ಬಿತ್ತೇ? ಅವಳು ಒಳಗೊಳಗೇ ಕರಗಿದಳು. ಬಾಗಿಲಿಗೆ ಬಂದು ಇಣುಕಿದರೆ, ಗಂಡ ಮೋಟಾರಿನ ಮೇಲೆ ಅಂಗೈಯಿಟ್ಟು, ಜ್ವರದ ಮಗುವಿನ ಹಣೆ ಮುಟ್ಟುವಂತೆ ಮುಟ್ಟುತ್ತಿದ್ದ.

"ಪಾಪ ಕಣೇ. ಇಷ್ಟು ಚಿಕ್ಕ ಜಾಗದಲ್ಲಿ, ಗಾಳಿ ಇಲ್ಲದೆ, ಒಂದೇ ಸಮನೆ ದುಡಿದ್ರೆ ಯಾರಿಗೆ ತಾನೆ ತಡಿಯೋಕಾಗುತ್ತೆ ಹೇಳು?"

"ಹೌದಲ್ವಾ," ಎಂದಳು ಅವಳು. ಕರಗಿದ್ದು ಮತ್ತೆ ಗಟ್ಟಿಯಾಯಿತು.

ಅವಳ ಪುಣ್ಯಕ್ಕೆ ಕರಗಲು ಪುರುಸೊತ್ತೂ ಇರಲಿಲ್ಲ. ಕೆಳಮನೆಯ ದಂತವೈದ್ಯೆ ತನ್ನ ಹೊಸ ಕ್ಲಿನಿಕ್ಕಿನ ಆರಂಭಕ್ಕೆ ಕೇಕು ಹೇಳಿದ್ದಳು. "ಸಕ್ಕರೆ ಕಡಿಮೆ ಮಾಡ್ಬೇಡಿ. ತಿಂದವರು ಆಮೇಲೆ ನನ್ನ ಹತ್ರಾನೇ ಬರ್ಬೇಕಲ್ಲ!" ಎಂದು ನಕ್ಕಿದ್ದಳು. ಈ ಕೇಕು ನೆಟ್ಟಗೆ ನಿಂತರೆ ನಾಲ್ಕು ಜನರ ಬಾಯಿಗೆ ಬೀಳುತ್ತದೆ, ಇನ್ನೂ ನಾಲ್ಕು ಕಡೆಯಿಂದ ಕೆಲಸ ಬರುತ್ತದೆ. ಹೋದ ತಿಂಗಳ ಕೇಕಿನ ಕ್ರೀಮಿನ ಗುಲಾಬಿಗಳು ಈ ಅಡುಗೆಮನೆಯ ಕಾವಿಗೆ ಜಾರಿ, ಸೀದಾ ಹುಟ್ಟುಹಬ್ಬದ ಮುದುಕರ ಪಾದಕ್ಕೆ ಬಿದ್ದು ಆಶೀರ್ವಾದ ಬೇಡಿದ್ದವು. ಮತ್ತೊಮ್ಮೆ ಹಾಗಾದರೆ ಅವಳ ಕೇಕಿನ ವ್ಯಾಪಾರಕ್ಕೆ ಎಳ್ಳುನೀರೇ!

ಅದಕ್ಕೇ ಅವಳು ಅಂಗೈಯಗಲದ ಒಂದು ಕ್ಲಿಪ್ ಫ್ಯಾನನ್ನು ತಾನೇ ಕೊಂಡು ಮಸಾಲೆ ಡಬ್ಬಿಗಳ ಕಪಾಟಿಗೆ ಕಚ್ಚಿಸಿದ್ದಳು. ಈಗ ಕ್ರೀಮು ಕಡೆದು, ಕೇಕಿಗೆ ಮೆತ್ತಿ, ಗುಂಡಿ ಒತ್ತಲು ಕೈ ಚಾಚಿದರೆ, ಕಪಾಟಿನಲ್ಲಿ ಕ್ಲಿಪ್ಪಷ್ಟೇ ಹಲ್ಲು ಕಿರಿಯುತ್ತಿತ್ತು.

"ರೀ, ನನ್ನ ಫ್ಯಾನ್ ಎಲ್ಲಿ?"

"ಯಾವ ಫ್ಯಾನು?"

"ಈ ಮನೇಲಿ ನಂದು ಅಂತ ಇರೋದು ಒಂದೇ."

"ಓ, ಅದಾ! ಅದಕ್ಕೀಗ ಬಡ್ತಿ ಸಿಕ್ಕಿದೆ."

ನಡೆದದ್ದಿಷ್ಟು. ಮೋಟಾರಿಗೆಂದೇ ಅವನು ಬೆರಳಗಲದ ಎರಡು ಫ್ಯಾನು ತರಿಸಿದ್ದ. ಜೊತೆಗೆ ಬಂದ ಸೂಚನೆಯ ಹಾಳೆಯನ್ನು ಓದುವುದು ಹೆಂಗಸರ ಲಕ್ಷಣವೆಂದು ಬದಿಗಿಟ್ಟು, ಅವನ್ನು ನೇರ ಬ್ಯಾಟರಿಗೇ ಸೇರಿಸಿದ. ಎರಡೂ ಒಂದು ಕ್ಷಣ ಬಿರುಗಾಳಿಯಂತೆ ತಿರುಗಿ, ಹೊಗೆ ಬಿಟ್ಟು ವೀರಸ್ವರ್ಗ ಸೇರಿದವು. ಆಗ ಕಣ್ಣಿಗೆ ಬಿದ್ದದ್ದು ಅವಳ ಫ್ಯಾನು. ಅದನ್ನೀಗ ಕಾರಿನ ಬೆನ್ನಿಗೆ ಬಿಗಿದಾಗಿತ್ತು. ಕಾರು ನೋಡಲು ರೆಕ್ಕೆ ಮರೆತ ವಿಮಾನದಂತಿತ್ತು.

"ನನ್ನ ಕ್ರೀಮ್ ಇಳೀತಾ ಇದೆ, ರೀ!"

"ಕಿಟಕಿ ತೆಗಿ."

"ತೆಗೆದಿದೀನಿ. ಹೊರಗಿನ ಸೆಕೆನೂ ಒಳಗೆ ಬಂತು."

"ಅಡುಗೆಮನೇಲಿ ಗಾಳಿ ಆಡಿದ್ರೆ ಒಲೆ ಆರಿಹೋಗುತ್ತೆ ಕಣೇ. ನಿನ್ನ ಒಳ್ಳೇದಕ್ಕೇ ಹೇಳೋದು."

ಮೂಲೆಯ ಕುರ್ಚಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅತ್ತೆ ತಲೆಯೆತ್ತಲಿಲ್ಲ. "ನಿಮ್ಮಪ್ಪನೂ ಹೀಗೇ ಅಂತಿದ್ರು ಕಣೋ. ಒಲೆ ಒಂದು ದಿನಾನೂ ಆರ್ಲಿಲ್ಲ. ನಾನೇ ಬೆಂದೆ."

"ಅಮ್ಮ, ನಿನಗೆ ಎಂಜಿನಿಯರಿಂಗ್ ಅರ್ಥ ಆಗಲ್ಲ."

"ನಿನಗೆ ಆಗಿದ್ದು ಹೊಗೆ ನೋಡಿದಾಗ್ಲೇ ಗೊತ್ತಾಯ್ತಪ್ಪ."

ಎಂಜಿನಿಯರು ಕಿವಿ ಕೆಂಪು ಮಾಡಿಕೊಂಡು ಕಾರನ್ನು ನೆಲಕ್ಕಿಳಿಸಿದ. ಕಾರಿನೊಳಗೆ ರಿಮೋಟಿನ ಮಾತು ಕೇಳಿಸಿಕೊಳ್ಳುವ ಪುಟ್ಟ ಪೆಟ್ಟಿಗೆಯೊಂದಿರುತ್ತದೆ. ಈ ಸಲ ಅವನು ಫ್ಯಾನಿನ ತಂತಿಯನ್ನು ಅದಕ್ಕೇ ಸಿಕ್ಕಿಸಿದ್ದ. ಫ್ಯಾನು ಬರ್‍ರೆಂದು ತಿರುಗಿತು. "ನೋಡಿದ್ರಾ!" ಎಂದು ಅವನು ಕಾರನ್ನು ಪೂರ್ತಿ ವೇಗದಲ್ಲಿ ಬಿಟ್ಟ.

ಅಷ್ಟು ದೊಡ್ಡ ಫ್ಯಾನಿಗೆ ಉಣಿಸಿ ಉಣಿಸಿ ಪುಟ್ಟ ಪೆಟ್ಟಿಗೆಗೆ ತಲೆಸುತ್ತು ಬಂತು. ಅದು ಕಿವಿ ಮುಚ್ಚಿಕೊಂಡಿತು. ಕೊನೆಗೆ ಕೇಳಿದ ಅಪ್ಪಣೆಯನ್ನೇ ನಂಬಿ ಕಾರು ಓಡಿತು! ನಿಲ್ಲು ಎಂದರೆ ಇಲ್ಲ, ತಿರುಗು ಎಂದರೆ ಇಲ್ಲ. ಅತ್ತೆ ಎರಡೂ ಕಾಲೆತ್ತಿದರು. ಕಾರು ಕುರ್ಚಿಯ ಕೆಳಗೆ ತೂರಿ ಅವರೆಕಾಯಿಯ ಸಿಪ್ಪೆಯನ್ನು ಹಾರಿಸಿತು. ಗಂಡ ಗೋಲ್ ಕೀಪರಿನಂತೆ ನೆಗೆದ, ಕಾಲೊರಸನ್ನು ಮಾತ್ರ ಹಿಡಿದ. ಕಾರು ಹೊಸ್ತಿಲು ಹಾರಿ ಅಡುಗೆಮನೆಗೆ ನುಗ್ಗಿತು.

ಅವಳು ಯೋಚಿಸಲಿಲ್ಲ. ಮೂರಂತಸ್ತಿನ ಕೇಕನ್ನು ತಟ್ಟೆ ಸಮೇತ ಎತ್ತಿ ಎದೆಮಟ್ಟಕ್ಕೆ ಹಿಡಿದಳು. ಕಾರು ಕೆಳಗಿನ ಕಪಾಟಿಗೆ ಗುದ್ದಿತು. ಮೇಲಿಂದ ಸಕ್ಕರೆಪುಡಿಯ ಡಬ್ಬಿ ಉರುಳಿತು. ಫ್ಯಾನು ಆ ಪುಡಿಯನ್ನೆಲ್ಲ ಬಾಚಿ ಬಾಗಿಲ ಕಡೆಗೆ ಬೀಸಿತು. ಅದೇ ಗಳಿಗೆಯಲ್ಲಿ ಬಾಗಿಲಿಗೆ ಓಡಿಬಂದ ಗಂಡ ತಲೆಯಿಂದ ಕಾಲಿನವರೆಗೆ ಬೆಳ್ಳಗಾದ. ರೆಪ್ಪೆ ಬಡಿದಾಗ ಮಾತ್ರ ಕಣ್ಣಿದೆಯೆಂದು ತಿಳಿಯುತ್ತಿತ್ತು.

"ಅಯ್ಯೋ ದೇವರೇ! ಏಟು ಬಿತ್ತಾ?"

"ಇಲ್ಲ ರೀ, ನನಗೇನೂ..."

"ಕಾರಿಗೆ ಕಣೇ!"

ಕಾರಿಗೂ ಏನೂ ಆಗಿರಲಿಲ್ಲ. ಹಿಂದಿನ ಚಕ್ರಗಳ ಮೇಲೆ ಕಪಾಟಿಗೆ ಒರಗಿ, ಫ್ಯಾನನ್ನು ಅವಳ ಮುಖದತ್ತ ಎತ್ತಿ ನಿಂತಿತ್ತು. ಅವನು ಬಗ್ಗಿ ಓಟದ ಗುಂಡಿಯನ್ನು ಆರಿಸಿದ. ಫ್ಯಾನು ತಿರುಗುತ್ತಲೇ ಇತ್ತು.

"ರೇಸಿಗೆ ಹೊತ್ತಾಯ್ತು. ಫ್ಯಾನ್ ಓಡ್ತಾ ಇರಲಿ, ಮೋಟಾರ್ ತಣ್ಣಗಾಗಬೇಕು. ನಾನು ತಲೆಗೆ ನೀರು ಹಾಕ್ಕೊಂಡು ಬರ್ತೀನಿ. ಅದನ್ನ ಮುಟ್ಬೇಡ, ತುಂಬ ಸೂಕ್ಷ್ಮ. ಹಾಂ, ಈ ಸಕ್ಕರೆ ಒಂಚೂರು ಗುಡಿಸಿಬಿಡು."

ಸಕ್ಕರೆಯ ಹೆಜ್ಜೆಗಳು ಬಚ್ಚಲುಮನೆಯವರೆಗೆ ಹೋದವು.

ಅವಳು ಕೇಕನ್ನು ಕಟ್ಟೆಯ ಮೇಲಿಳಿಸಿದಳು. ಕೇಕು ಗಟ್ಟಿಯಾಗಿತ್ತು, ಆದರೆ ಅಂಚಿನ ಕ್ರೀಮು ಆಗಲೇ ಜಾರುವ ಮನಸ್ಸು ಮಾಡಿತ್ತು. ಕ್ರೀಮಿನ ಗುಲಾಬಿಗಳನ್ನು ಇನ್ನೂ ಮೂಡಿಸಬೇಕಿತ್ತು. ಕೆಳಗಿನಿಂದ ದಂತವೈದ್ಯೆಯ ಗೇಟು ತೆರೆದ ಸದ್ದು ಬಂತು. ನೆಲದ ಮೇಲಿನ ಕಾರು ಆ ಅಡುಗೆಮನೆಯಲ್ಲಿ ಎಂದೂ ಆಡದ ಗಾಳಿಯನ್ನು ಅವಳ ಕತ್ತಿಗೆ ಬೀಸುತ್ತಿತ್ತು.

ಕೇಳಬಹುದಿತ್ತು. ಬಚ್ಚಲ ಬಾಗಿಲು ತಟ್ಟಿ, ಫ್ಯಾನ್ ವಾಪಸ್ ಕೊಡ್ತೀರಾ ಎನ್ನಬಹುದಿತ್ತು. ಕೇಳಿ ಕೇಳಿ ಅವಳ ನಾಲಿಗೆ ಸವೆದಿತ್ತು, ಅವನ ಕಿವಿ ಮಾತ್ರ ಹೊಸದಾಗಿಯೇ ಇತ್ತು.

ನಡುಮನೆಯ ಮೇಜಿನಿಂದ ಸ್ಕ್ರೂಡ್ರೈವರ್ ತಂದಳು. ಪ್ರತಿ ಭಾನುವಾರ ಅವನು ಬಿಚ್ಚುವುದನ್ನು ನೋಡಿ ನೋಡಿ, ಆ ಕಾರಿನ ಒಡಲು ಅವಳಿಗೆ ಅಂಗೈ ಗೆರೆಯಷ್ಟೇ ಪರಿಚಿತ. ಮೋಟಾರಿನ ಸ್ಕ್ರೂ ತಿರುಗಿಸಿದಳು, ಅದರ ತಂತಿಯನ್ನಷ್ಟೇ ಕಿತ್ತಳು. ಉಳಿದ ಕಾರನ್ನು ಹಿಟ್ಟಿನ ಡಬ್ಬಿಯ ಮೇಲೇರಿಸಿ, ಫ್ಯಾನನ್ನು ಕೇಕಿನತ್ತ ತಿರುಗಿಸಿದಳು. ಒಲೆ ಆರಲಿಲ್ಲ. ಕ್ರೀಮು ಬೆನ್ನು ನೆಟ್ಟಗೆ ಮಾಡಿಕೊಂಡಿತು.

ಬಚ್ಚಲಿನಿಂದ ನೀರಿನ ಸದ್ದಿನ ನಡುವೆ ದನಿ ಬಂತು. "ಏನೇ, ಮೋಟಾರ್ ಒಂದ್ಸಲ ಮುಟ್ಟಿ ನೋಡು! ಇನ್ನೂ ಬಿಸಿ ಇದೆಯಾ?"

ಅವಳು ಫ್ರಿಜ್ಜು ತೆರೆದಳು. ಬೆಣ್ಣೆಗೂ ಮೊಟ್ಟೆಗೂ ನಡುವೆ ಮೋಟಾರನ್ನು ಮಲಗಿಸಿ, ಬಾಗಿಲು ಹಾಕಿದಳು.

"ಇಲ್ಲ ರೀ, ತಣ್ಣಗೆ ಇದೆ!" ಎಂದು ಕೂಗಿ ಹೇಳಿ, ಮೊದಲ ಗುಲಾಬಿಯ ಎಸಳು ಮೂಡಿಸತೊಡಗಿದಳು.